ಕಾದ ಫರ್ಸಿಯ ಮೇಲೆ ಟೀಸಿ ಸಾಹೇಬರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅವರದೇ ಧ್ವನಿಯಲ್ಲಿ ಮಾತಾಡುತ್ತಿದ್ದೆ.

ಸೇಡಂನಲ್ಲಿ ಒಂದು ಮದುವೆ. ಆರ್ಕೆಸ್ಟ್ರಾದವರು ಹಾಡಿ ಹಾಡಿ ಗಂಟಲು ಒಣಗಿ ನೀರು ಕುಡಿಯಲು ಕೂತಾಗ ಮೈಕು ಹಿಡಿದು ಜನ ಏಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕೋಳಿ, ಎಮ್ಮೆ, ಸ್ಟಾರ್ಟ್ ಆಗದ ಟ್ರಾಕ್ಟರ್, ವಾಡಿ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಸಕ್ಕರೆಯಂಥ ಧ್ವನಿಯಲ್ಲಿ ಹೇಳುವ ಹೆಣ್ಣುಮಗಳು, ಇವೆಲ್ಲ ಆದ ಮೇಲೆ ಕೊನೆಯ ಐಟಮ್ ಟೀಸಿ ಸಾಹೇಬರು. "ಏನ್ರೀ, ಜಾಮೂನ್ ತಿಂದ್ರಿ? ತಿಂದದ್ದು ಕಾಣ್ತದ. ನಡದದ್ದು ತೋರ್ಸ್ರಿ!" ಎಂದು ಮೂಗಿನಲ್ಲಿ ಗುಡುಗಿದ್ದೆ. ಬೀಗರ ಸಾಲಿನಲ್ಲಿ ಒಬ್ಬರು ಜಾಮೂನಿನ ಬಟ್ಟಲನ್ನು ಶಲ್ಯದೊಳಗೆ ಮುಚ್ಚಿಕೊಂಡರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೀಬೋರ್ಡ್ ಬಾರಿಸುವವನು ನಮ್ಮ ವಾಡಿಯವನೇ. ಮೊಬೈಲು ನೋಡಿ, ಹಿಂದಿನಿಂದ ನನ್ನ ಅಂಗಿ ಎಳೆದ. "ಸಾಕು ಬಿಡಲೇ. ಸಾಹೇಬ್ರು ಹೋದ್ರಂತ, ಮುಂಜಾನಿ."

ನಾನು ಬಿಡಲಿಲ್ಲ. ಐಟಮ್ ಮುಗಿಸಿಯೇ ಇಳಿದೆ. ಇಳಿದು ಎರಡು ಜಾಮೂನು ತಿಂದೆ.

ಹೋದವರ ಬಗ್ಗೆ ನಾಲ್ಕು ಒಳ್ಳೆ ಮಾತು ಆಡಬೇಕು ಅನ್ನುತ್ತಾರೆ. ಆಡುವವರು ವಾಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸ್ಟೇಷನ್ ರಸ್ತೆಗೆ ಬ್ಯಾನರ್ ಕೂಡ ಬಿದ್ದಿದೆ: 'ಸಕ್ಕರೆ ರೋಗಿಗಳ ದಾರಿದೀಪ.' ಬ್ಯಾನರಿನಲ್ಲಿ ಸಾಹೇಬರು ನಗುತ್ತಿದ್ದಾರೆ. ಆ ನಗೆಯನ್ನು ಪ್ರಿಂಟಿಂಗ್ ಅಂಗಡಿಯವನು ಯಾರ ಮುಖದಿಂದ ತೆಗೆದು ಅಂಟಿಸಿದನೋ. ನಾನು ಕಂಡಂತೆ ಆ ಮುಖದ ಮೇಲೆ ಅಡ್ಡಕ್ಕೆ ಎಳೆದ ವಿಭೂತಿ ಇರುತ್ತಿತ್ತು, ಅದರ ಕೆಳಗೆ ಅಷ್ಟೇ ಅಡ್ಡಕ್ಕೆ ಎಳೆದ ಬಾಯಿ ಇರುತ್ತಿತ್ತು. ನಗೆಗೆ ಅಲ್ಲಿ ಜಾಗವೇ ಇರಲಿಲ್ಲ. ಒಳ್ಳೆ ಮಾತು ಬ್ಯಾನರಿನವರು ನೋಡಿಕೊಳ್ಳಲಿ. ಉಳಿದದ್ದು ನನ್ನದು.

ಅವರ ಧ್ವನಿ ಕಲಿಯುವುದು ಕಷ್ಟವಲ್ಲ. ಮೊದಲು ಚಳಿಯಲ್ಲಿ ಲಾರಿ ಎಬ್ಬಿಸುವಂತೆ ಗಂಟಲು ಕೆರೆಯಬೇಕು. ಆಮೇಲೆ ಮೂಗನ್ನು ಒಳಗಿನಿಂದ ಅರ್ಧ ಮುಚ್ಚಬೇಕು. ಬಲಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ, ಎದುರಿನವರ ಮೂಗಿನ ಮುಂದೆ ಟಕ್ ಎಂದು ಕತ್ತರಿಸಬೇಕು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರಾಗಿ ಇಡೀ ಆಯುಷ್ಯ ಕಳೆದವರು. ರಿಟೈರ್ ಆದ ಮೇಲೂ ಆ ಬೆರಳುಗಳು ಟಿಕೆಟ್ಟಿಗೆ ತೂತು ಹೊಡೆಯುವುದನ್ನು ಬಿಟ್ಟಿರಲಿಲ್ಲ. ಅವರ ನಾಲಿಗೆಯ ಮೇಲೆ ಸದಾ ಇದ್ದ ಮಾತು ಒಂದೇ, 'ತೋರ್ಸ್ರಿ.' ತರಕಾರಿಯವಳಿಗೆ ತಕ್ಕಡಿ ತೋರ್ಸ್ರಿ, ಶಾಲೆ ಬಿಟ್ಟ ಹುಡುಗರಿಗೆ ಮಾರ್ಕ್ಸ್ ತೋರ್ಸ್ರಿ, ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ನನಗೆ "ಹೊಟ್ಟಿ ಎಲ್ಲಿ ಮುಗೀತದ ಅಂಬೂದು ಜರಾ ತೋರ್ಸಪಾ." ಇದು ಅನ್ಯಾಯದ ಮಾತೇನಲ್ಲ. ನನ್ನ ಹೊಟ್ಟೆ ನನಗಿಂತ ಮೊದಲು ಅಂಗಡಿ ತೆರೆಯುತ್ತದೆ.

ರಿಟೈರ್ ಆದ ವರ್ಷವೇ ಅವರಿಗೆ ಶುಗರ್ ಬಂತು. ಬೇರೆಯವರಿಗೆ ಶುಗರ್ ಬಂದರೆ ಸಪ್ಪಗಾಗುತ್ತಾರೆ. ಇವರಿಗೆ ಮತ್ತೆ ನೌಕರಿ ಸಿಕ್ಕಂತಾಯಿತು. ಓಣಿಯಲ್ಲಿ ಯಾರಿಗೆಲ್ಲ ಶುಗರ್ ಇದೆ ಎಂದು ಹುಡುಕಿ ಹುಡುಕಿ, ಒಬ್ಬೊಬ್ಬರನ್ನೂ ರೈಲು ಡಬ್ಬಿಯ ಬಾಗಿಲಲ್ಲಿ ಹಿಡಿದ ಹಾಗೆ ಹಿಡಿದರು.

"ಶುಗರ್ ಅಂದ್ರ ಏನು?" ಎಂದು ತಾವೇ ಕೇಳುತ್ತಿದ್ದರು. ಉತ್ತರ ಕೊಡಲು ಬಾಯಿ ತೆರೆದವರಿಗೆ ಟಕ್. "ಬಿನಾ ಟಿಕೆಟ್ ಪ್ಯಾಸೆಂಜರ್! ನೀವು ಉಣ್ತೀರಿ, ಅದು ನೆತ್ತರದಾಗ ಹತ್ತಿ ಕುಂದರ್ತದ. ನೀವು ಎದ್ದು ನಡದ್ರ ಅದು ಇಳೀತದ. ನೀವು ಕುಂತ್ರಿ ಅಂದ್ರ ಅದೂ ಕಾಲು ಚಾಚಿ ಕುಂತಂಗ. ಮುಂದ ಕಣ್ಣಿನ ಡಬ್ಬಿಗಿ ಹೋಗ್ತದ, ಕಿಡ್ನಿ ಡಬ್ಬಿಗಿ ಹೋಗ್ತದ, ಹಾರ್ಟಿನ ಡಬ್ಬಿಗಿ ಹೋಗ್ತದ."

ಕಾಲಿನ ಹೆಸರು ಅವರು ಒಮ್ಮೆಯೂ ಎತ್ತಲಿಲ್ಲ. ಇದನ್ನು ಈಗ ಬರೆದಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ತಾವು ಎತ್ತಿದ್ದಾಗಿ ಅವರು ಸಾಧಿಸಿದರು.

ಅವರ ಕೈಗೆ ಸಿಕ್ಕವರಲ್ಲಿ ನಮ್ಮವ್ವನೂ ಒಬ್ಬಳು. ಅಪ್ಪ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ಹೈವೇ ಮೇಲೆ ಇರುವುದೇ ಹೆಚ್ಚು. ಅವ್ವ ದಂಡೋತಿಯವಳು, ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವಳು. ವಾಡಿಗೆ ಬಂದ ಮೇಲೆ ಅವಳು ನಡೆದದ್ದು ಒಲೆಯಿಂದ ನಳದ ತನಕ, ನಳದಿಂದ ಒಲೆಯ ತನಕ. ಸರಕಾರಿ ದವಾಖಾನೆಯವರು ನಡೀರಿ ಎಂದು ಹೇಳಿ ಗುಳಿಗೆ ಕೊಟ್ಟು ಕಳಿಸಿದ್ದರು. ಎಲ್ಲಿ ನಡೆಯುವುದು? ನಮ್ಮ ರಸ್ತೆಯಲ್ಲಿ ಸಿಮೆಂಟಿನ ಲಾರಿ, ಕಲ್ಲಿನ ಲಾರಿ, ಅವುಗಳ ಹಿಂದೆ ಅವುಗಳ ಧೂಳು. ಅದೂ ಅಲ್ಲದೆ ನಮ್ಮ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಕೈಯಲ್ಲಿ ಕೊಡ ಇಲ್ಲದೆ, ಚೀಲ ಇಲ್ಲದೆ, ಸುಮ್ಮನೆ ಕೈ ಬೀಸಿಕೊಂಡು ಹೊರಟರೆ ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಒಂದೇ ಪ್ರಶ್ನೆ, "ಎಲ್ಲಿಗಿ ಹೊಂಟಾಳ?"

ಇದಕ್ಕೆ ಸಾಹೇಬರು ದಾರಿ ಹುಡುಕಿದ್ದರು, ಹಣಮಂದೇವರ ಗುಡಿ. ಗುಡಿಯ ಸುತ್ತ ಅಗಲವಾದ ಅಂಗಳ. ಭಂಕೂರಿನ ಕಡೆಯಿಂದ ತಂದ ಫರ್ಸಿ ಕಲ್ಲು ಒತ್ತೊತ್ತಿ ಹಾಸಿದ್ದರು. ಬೇರೆ ಊರಿನವರು ಇದನ್ನು ಶಹಾಬಾದ್ ಕಲ್ಲು ಎಂದು ದುಡ್ಡು ಕೊಟ್ಟು ಒಯ್ಯುತ್ತಾರೆ. ನಾವು ಮನೆಗೂ ಅದನ್ನೇ ಹಾಸಿ, ಗುಡಿಗೂ ಅದನ್ನೇ ಹಾಸಿ, ಮಿಕ್ಕದ್ದನ್ನು ಮೋರಿಯ ಮೇಲೆ ಮುಚ್ಚುತ್ತೇವೆ. ಗುಡಿ ಸುತ್ತುವ ಹೆಂಗಸನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಗುಡಿಯಲ್ಲಿ ಚಪ್ಪಲಿ ಹಾಕುವಂತಿಲ್ಲ, ಅಷ್ಟೇ. ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ, ಬಲಕ್ಕೆ ದೇವರನ್ನು ಇಟ್ಟುಕೊಂಡು, ಉಂಡದ್ದು ಇಳಿಯುವ ತನಕ ಸುತ್ತಬೇಕು. ಉಂಡ ಮೇಲೆ ಪ್ರತಿ ಸಲ. ಮುಂಜಾನೆ, ಮಧ್ಯಾಹ್ನ, ಸಂಜೆ.

ಅವ್ವ ಮೊದಮೊದಲು ಒಬ್ಬಳೇ ಹೋಗಲು ನಾಚಿಕೊಂಡು ನನ್ನನ್ನು ಎಳೆದುಕೊಂಡು ಹೋದಳು. ನನ್ನದು ಶುಗರ್ ಅಲ್ಲ, ಬಾರ್ಡರಿನಲ್ಲಿದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಸಾಹೇಬರಿಗೆ ಹೇಳಿದೆ.

"ಬಾರ್ಡರ್ ಅಂದ್ರ ಚಿಂಚೋಳಿ," ಎಂದರು. "ಒಂದ್ ಕಾಲು ಇಲ್ಲಿ, ಒಂದ್ ಕಾಲು ತೆಲಂಗಾಣದಾಗ. ಕೆಮ್ಮಿದ್ರ ಆ ಕಡಿ ಬೀಳ್ತೀ. ನಡೀ!"

ಇಂಥ ಮಾತುಗಳನ್ನು ನಾನು ಕದ್ದು ಮದುವೆಗಳಲ್ಲಿ ಮಾರಿದ್ದೇನೆ. ಅವರ ಮಾತಿನಿಂದ ನನ್ನ ಹೊಟ್ಟೆ ಕರಗಲಿಲ್ಲ, ತುಂಬಿತು. ಇಷ್ಟನ್ನು ಒಪ್ಪುತ್ತೇನೆ.

ಮನುಷ್ಯ ಎಂಥವರು ಎಂದು ತಿಳಿಯಲು ಪೇಡಾದ ಕಥೆ ಸಾಕು. ಶನಿವಾರ ಗುಡಿಯಲ್ಲಿ ಪ್ರಸಾದಕ್ಕೆ ಪೇಡಾ ಕೊಡುತ್ತಾರೆ. ಸಾಹೇಬರು ಬಾಗಿಲಲ್ಲಿ ನಿಂತು, ಹೊರಗೆ ಹೋಗುವ ಶುಗರಿನವರ ಮುಷ್ಟಿ ಬಿಚ್ಚಿಸಿ, ಪೇಡಾ ಜಪ್ತಿ ಮಾಡಿ ತಮ್ಮ ಹೆಗಲ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. "ತೋರ್ಸ್ರಿ. ಇನ್ನೊಂದ್ ಕೈ ತೋರ್ಸ್ರಿ." ನಮ್ಮ ಓಣಿಯ ಟೇಲರ್ ಕಾಕಾ ಒಂದು ಶನಿವಾರ ಬೆಳಿಗ್ಗೆ ಗುಳಿಗೆ ನುಂಗಿ, ಏನೂ ತಿನ್ನದೆ ಬಂದಿದ್ದ. ಹಸಿದ ಹೊಟ್ಟೆಯಲ್ಲಿ ನಡೆದರೆ ಡಬಲ್ ಕೆಲಸ ಆಗುತ್ತದೆ ಎಂದು ಸಾಹೇಬರೇ ಅವನಿಗೆ ಹೇಳಿದ್ದರು. ಸುತ್ತು ಹಾಕುತ್ತಾ ಹಾಕುತ್ತಾ ಕಾಕಾನ ಮುಖದ ಮೇಲೆ ಬೆವರು ಒಡೆಯಿತು, ಕೈ ನಡುಗತೊಡಗಿತು, ಕಂಬ ಹಿಡಿದು ಕುಸಿದ.

"ನಾಟಕ!" ಎಂದರು ಸಾಹೇಬರು. "ಏಳ್ರಿ, ಏಳ್ರಿ. ನಡೀಲಿಕ್ಕ ಬ್ಯಾಸರ ಬಂದವರೆಲ್ಲಾ ಹಿಂಗೇ ಕುಂದರ್ತಾರ."

ಪೂಜಾರಿ ಓಡಿ ಬಂದ. "ಸಾಹೇಬ್ರ, ನಮ್ಮ ಭಾವಗೂ ಹಿಂಗೇ ಆಗಿತ್ರಿ. ಇದು ಶುಗರ್ ಏರಿದ್ದಲ್ಲ, ಇಳದದ್ದು. ಜಲ್ದಿ ಸಿಹಿ ಹಾಕ್ರಿ ಬಾಯಾಗ." ಸಾಹೇಬರು ಅಲುಗಾಡಲಿಲ್ಲ. ನಾನು ಅವರ ಚೀಲಕ್ಕೆ ಕೈ ಹಾಕಿ ಪೇಡಾ ತೆಗೆದು ಕಾಕಾನ ಬಾಯಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಕಾಕಾ ಕಣ್ಣು ಬಿಟ್ಟು, "ಇನ್ನೊಂದ್ ಅದಯೇನಪಾ?" ಎಂದ.

ಅಂದು ಸಂಜೆಯೇ ಸಾಹೇಬರು ಊರ ತುಂಬ ಹೇಳಿಕೊಂಡು ಬಂದರು. "ಇದಕ್ಕೇ ನಾ ಚೀಲದಾಗ ಪೇಡಾ ಇಟ್ಕೊಂಡಿರ್ತೀನಿ. ನಾ ಇದ್ದಿಲ್ಲಂದ್ರ ಟೇಲರ್ ಹೋಗ್ತಿದ್ದ."

ಅಂಥವರು.

ಆದರೂ ಒಂದು ಮಾತು ಮುಚ್ಚಿಡಲು ಬರುವುದಿಲ್ಲ. ಅವ್ವನ ಶುಗರ್ ಇಳಿಯಿತು. ಉಂಡು ಕೂಡ್ರದೆ ನಡೆದದ್ದಕ್ಕೇ ಇಳಿಯಿತು. ದವಾಖಾನೆಯವರೂ ಹಾಗೆಯೇ ಹೇಳಿ ಗುಳಿಗೆ ಕಡಿಮೆ ಮಾಡಿದರು. ಸಾಹೇಬರು ಅವಳ ರಿಪೋರ್ಟು ಇಸಿದುಕೊಂಡು ಗುಡಿಯ ಬಾಗಿಲಲ್ಲಿ ಎಲ್ಲರಿಗೂ ಹಿಡಿದು ತೋರಿಸಿದರು. "ನೋಡ್ರಿ, ಈ ಅಕ್ಕಾರನ್ನ ನೋಡಿ ಕಲೀರಿ. ನನ್ನ ಲಿಸ್ಟಿನಾಗ ಇವ್ರು ಫಸ್ಟ್." ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳನ್ನು ಅಲ್ಲಿತನಕ ಯಾರೂ ಯಾವುದರಲ್ಲೂ ಫಸ್ಟ್ ಅಂದಿರಲಿಲ್ಲ. ಮನೆಗೆ ಬಂದು ಆ ದಿನ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಷ್ಟು ಹೊತ್ತು ನಕ್ಕಳೆಂದರೆ, ನಾನು ನನ್ನ ಎಲ್ಲ ಐಟಮ್ ಸೇರಿಸಿದರೂ ಅವಳನ್ನು ಹಾಗೆ ನಗಿಸಿಲ್ಲ. ನನ್ನದು ಹೊಟ್ಟೆಕಿಚ್ಚೇ, ಇರಲಿ.

ಆಮೇಲೆ ಬೇಸಿಗೆ ಬಂತು.

ನಮ್ಮ ಕಡೆಯ ಬೇಸಿಗೆಯನ್ನು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಆಕಾಶದಿಂದ ಬಿಸಿಲು, ಕೆಳಗಿನಿಂದ ಕಲ್ಲು. ಮಧ್ಯಾಹ್ನದ ಊಟದ ಮೇಲೆ ಗುಡಿಯ ಅಂಗಳದ ಫರ್ಸಿ ರೊಟ್ಟಿ ಬೇಯಿಸುವ ಹಂಚಾಗುತ್ತಿತ್ತು. ಬೇವಿನ ಮರದ ನೆರಳು ಒಂದು ಮೂಲೆಗೆ ಮಾತ್ರ. ಬೇರೆಯವರು ಒಬ್ಬೊಬ್ಬರಾಗಿ ಮಧ್ಯಾಹ್ನ ಬರುವುದನ್ನು ಬಿಟ್ಟರು. ಸಾಹೇಬರು ಬಿಡಲಿಲ್ಲ. ಫಸ್ಟ್ ಬಂದವಳಾದ್ದರಿಂದ ಅವ್ವನೂ ಬಿಡಲಿಲ್ಲ. ಅವ್ವನ ದೆಸೆಯಿಂದ ನಾನು.

ಮೊದಲ ದಿನ ನಾನು ಆ ಕಲ್ಲಿನ ಮೇಲೆ ಕುಣಿದದ್ದನ್ನು ನೀವು ನೋಡಬೇಕಿತ್ತು. ನೆರಳಿನಿಂದ ಕಂಬಕ್ಕೆ, ಕಂಬದಿಂದ ಮೆಟ್ಟಿಲಿಗೆ, ಹೊಟ್ಟೆ ಒಂದು ತಾಳಕ್ಕೆ, ಕಾಲು ಒಂದು ತಾಳಕ್ಕೆ. ಪೂಜಾರಿಯ ಮೊಮ್ಮಕ್ಕಳು ನಕ್ಕು ನಕ್ಕು ಉರುಳಿದರು. ಅವರಿಗಾಗಿ ಇನ್ನೊಂದು ಸುತ್ತು ಕುಣಿದೆ. ಸಾಹೇಬರು ಮಾತ್ರ ನಿಧಾನವಾಗಿ, ಪ್ಲಾಟ್‌ಫಾರ್ಮಿನ ಮೇಲೆ ನಡೆದಂತೆ, ಎದೆ ಮುಂದೆ ಮಾಡಿ ನಡೆಯುತ್ತಿದ್ದರು. ಅವರ ಹಿಂದೆ ಅವ್ವ, ಅಷ್ಟೇ ನಿಧಾನವಾಗಿ.

"ಸಾಹೇಬ್ರ, ಕಾಲು ಸುಡ್ಲಿಕತ್ತಾವ್ರಿ," ಎಂದೆ. "ಚಪ್ಪಲ್ ಹಾಕ್ಕೊಂಡು ರೋಡಿನ ಮ್ಯಾಲ ನಡದ್ರ ಆಗೂದಿಲ್ಲೇನ್ರಿ?"

"ರೋಡಿನ ಮ್ಯಾಲ ಲಾರಿ ಹೋಗ್ತಾವ. ನೀ ಲಾರಿನೇ ಇದ್ದೀ ಖರೇ, ನಿಮ್ಮವ್ವ ಮನುಷ್ಯಾಳು."

"ಅವ್ವಗರ ಹಾಕ್ಕೊಳ್ಲಿಕ್ಕ ಬಿಡ್ರಿ. ಇಲ್ಲೇ ಅಂಗಳದಾಗ. ಹಣಮಪ್ಪಗ ನಾ ಹೇಳ್ತೀನಿ."

"ಹೂವಿನ ಪಾದ ಬಂದಾವ ನೋಡ್ರಿ, ಹೂವಿನ ಪಾದ!" ಎಂದು ನನ್ನ ಕಾಲಿನ ಕಡೆ ಟಕ್ ಅನ್ನಿಸಿದರು. "ಸುಡೂದು ಕಲ್ಲಲ್ಲ ಮಗನ, ನಿನ್ನ ಮೈಯಾನ ಸಕ್ರಿ. ಫರ್ಸಿ ಅದನ್ನ ಅಂಗಾಲಿನಿಂದ ಎಳೀಲಿಕತ್ತದ, ಅದಕ್ಕ ಉರೀತದ. ಎಲ್ಲಾ ಇಳದ್ ಮ್ಯಾಲ ಉರಿಯಂಗಿಲ್ಲ. ನನ್ನ ನೋಡು. ನಿಮ್ಮವ್ವನ್ನ ನೋಡು. ಏನ್ರೀ ಅಕ್ಕಾರ, ಉರೀತದೇನು?"

"ಇಲ್ರಿ ಸಾಹೇಬ್ರ," ಎಂದಳು ಅವ್ವ. "ತಣ್ಣಗ ಅದ."

"ಕೇಳಿದ್ಯಾ? ತಣ್ಣಗ ಅದ!"

ಆ ಕಲ್ಲಿನ ಮೇಲೆ ನಾಯಿಯೂ ಕಾಲಿಡುತ್ತಿರಲಿಲ್ಲ. ಅವ್ವನಿಗೆ ತಣ್ಣಗಿತ್ತು.

ದಿನಾ ಮಧ್ಯಾಹ್ನ ಇದೇ ಜಗಳ. ನಾನು ಚಪ್ಪಲಿ ಅನ್ನುವುದು, ಅವರು ಹೂವಿನ ಪಾದ ಅನ್ನುವುದು. ಮನೆಯಲ್ಲಿ ಅವ್ವನಿಗೆ ಬೇಡ ಎಂದರೆ, "ನಿನಗ ಮೈ ಬಗ್ಗಂಗಿಲ್ಲ, ನನ್ನ ಮ್ಯಾಲ ಹಾಕಬ್ಯಾಡ. ಸಾಹೇಬ್ರು ಬೈದ್ರೂ ನನ್ನ ಜೀವ ಉಳೀಲಿ ಅಂತ ಬೈತಾರ," ಎನ್ನುತ್ತಿದ್ದಳು. ನನ್ನ ಮೈ ಬಗ್ಗದಿರುವುದು ಊರಿಗೇ ಗೊತ್ತಿದ್ದ ವಿಷಯವಾದ್ದರಿಂದ ಮುಂದೆ ವಾದ ನಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಡಿಯಿಂದ ಬಂದು ಅವ್ವ ಪಡಸಾಲೆ ದಾಟಿ ಒಳಗೆ ಹೋದಳು, ನೀರು ಕುಡಿದು ತಿರುಗಿ ಬಂದಳು. ನೆಲದ ಕಡೆ ನೋಡಿ ನಿಂತಳು. ನಮ್ಮ ಮನೆಯ ಫರ್ಸಿ ಬೂದಿ ಬಣ್ಣದ್ದು. ಅದರ ಮೇಲೆ ಬಾಗಿಲಿಂದ ಒಳಗಿನ ತನಕ ಒದ್ದೆ ಹೆಜ್ಜೆ, ಕೆಂಪಗೆ, ಒಂದೇ ಕಾಲಿನದು.

"ಯಾರ ಕಾಲಿದು ನೋಡಪಾ," ಎಂದಳು ಅವ್ವ. "ಯಾರ್ ಬಂದಿದ್ರು ಮನಿಗಿ?"

ನಾನು ಅವಳನ್ನು ಕೂಡ್ರಿಸಿ ಕಾಲು ಎತ್ತಿ ನೋಡಿದೆ. ಕಿರುಬೆರಳ ಕೆಳಗೆ ಚರ್ಮ ಬೆಂದು, ಗುಳ್ಳೆ ಎದ್ದು, ಒಡೆದು, ಒಳಗಿನದು ಕಾಣುತ್ತಿತ್ತು. ಅದು ಆ ದಿನದ್ದಲ್ಲ. ನಾನು ಕಾಲು ಎತ್ತಿ ಹಿಡಿದಿದ್ದರೂ ಅವಳು ಬಾಗಿಲ ಕಡೆಯೇ ನೋಡುತ್ತಿದ್ದಳು, ಯಾರು ಬಂದಿದ್ದರು ಎಂದು.

ಕಲಬುರಗಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ವಯಸ್ಸಿನ ಹೆಣ್ಣುಮಗಳು. ಅವ್ವನಿಗೆ ಕಣ್ಣು ಮುಚ್ಚಲು ಹೇಳಿ, "ನಾನು ಅಂಗಾಲು ಮುಟ್ಟಿದಾಗ ಹೂಂ ಅನ್ನಬೇಕ್ರಿ ಅವ್ವಾರ," ಎಂದರು. ಬಿರುಸಾದೊಂದು ದಾರದಂಥದ್ದನ್ನು ಹಿಡಿದು ಹಿಮ್ಮಡಿಗೆ ಒತ್ತಿದರು, ನಡುವೆ ಒತ್ತಿದರು, ಹೆಬ್ಬೆರಳಿಗೆ ಒತ್ತಿದರು. ಇನ್ನೊಂದು ಕಾಲಿಗೂ ಒತ್ತಿದರು. ಅವ್ವ ಜಾಣ ಹುಡುಗಿಯ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ ಕಾಯುತ್ತಿದ್ದಳು. ಕಡೆಗೆ ಅವಳೇ ಕೇಳಿದಳು, "ಯಾವಾಗ ಚಾಲೂ ಮಾಡ್ತೀರ್ರಿ?"

ಡಾಕ್ಟರು ದಾರ ಕೆಳಗಿಟ್ಟು ನನ್ನ ಕಡೆ ನೋಡಿದರು.

ಶುಗರ್ ಬಹಳ ವರ್ಷ ಒಳಗೇ ಇದ್ದು ಅಂಗಾಲಿನ ನರ ಸಾಯಿಸುತ್ತದೆ, ಆಮೇಲೆ ಮುಳ್ಳು ಚುಚ್ಚಿದರೂ ಬೆಂಕಿ ತಾಗಿದರೂ ಗೊತ್ತಾಗುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. "ನಡೆದದ್ದು ತಪ್ಪಲ್ರಿ. ನಡೆದದ್ದಕ್ಕೇ ಶುಗರ್ ಇಷ್ಟು ಚಲೋ ಅದ. ಗಾಯ ಮಾಯುವತನಕ ಕಾಲು ಊರಬ್ಯಾಡ್ರಿ. ಮಾಯ್ದ ಮ್ಯಾಲ ಮತ್ತ ನಡೀಲೇಬೇಕು, ಆದ್ರ ಬರಿಗಾಲಿಲೆ ಮನಿಯೊಳಗೂ ಬ್ಯಾಡ. ಮೆತ್ತನ ಬೂಟು, ದಪ್ಪ ಕಾಲುಚೀಲ. ದಿನಾ ಯಾರರ ಒಬ್ರು ಅಂಗಾಲು ನೋಡಬೇಕು. ಇವ್ರ ಕಾಲು ಇವ್ರಿಗೆ ಹೇಳಂಗಿಲ್ಲ."

ನಾನು ಅಲ್ಲೇ ಕೂತು ಆ ಅಂಗಳವನ್ನು ನೆನೆಸಿಕೊಂಡೆ. ಕುಣಿದವನು ನಾನು, ಸುಡುತ್ತಿದೆ ಎಂದು ಒದರಿದವನು ನಾನು, ಹೂವಿನ ಪಾದ ಅನ್ನಿಸಿಕೊಂಡವನು ನಾನು. ಅಂಗಳ ಸುತ್ತಿದ ನಮ್ಮ ಮೂವರಲ್ಲಿ ಕಾಲು ಸರಿಯಾಗಿದ್ದದ್ದು ಹೂವಿನ ಪಾದದವನದು ಮಾತ್ರ. ಎದೆ ಮುಂದೆ ಮಾಡಿ ನಡೆಯುತ್ತಿದ್ದ ಆ ಮನುಷ್ಯ ತನ್ನ ಸತ್ತ ಕಾಲನ್ನೇ ಗಟ್ಟಿತನ ಎಂದುಕೊಂಡು, ನಮ್ಮವ್ವನ ಸತ್ತ ಕಾಲಿಗೆ ಫಸ್ಟ್ ಕೊಟ್ಟಿದ್ದರು.

ಅವ್ವನ ಕಿರುಬೆರಳು ಉಳಿಯಲಿಲ್ಲ. ಕಾಲು ಉಳಿಯಿತು.

ಸಾಹೇಬರು ನೋಡಲು ಬಂದರು. ಕೈಯಲ್ಲಿ ಮೋಸಂಬಿ. ಕುರ್ಚಿಯ ಮೇಲೆ ಕೂತು, ಗಂಟಲು ಕೆರೆದು, ಅವ್ವನ ಪಟ್ಟಿ ಕಟ್ಟಿದ ಕಾಲಿನ ಕಡೆ ಬೆರಳು ಟಕ್ ಅನ್ನಿಸಿ ಹೇಳಿದರು, "ನಾ ಅವತ್ತೇ ಹೇಳಿದ್ದೆ. ಬಿಸಿಲಾಗ ಕಾಲು ಜ್ವಾಕಿ ಅಂತ. ನೀವು ಕೇಳ್ಲಿಲ್ಲ."

ಅವ್ವ ತಲೆ ತಗ್ಗಿಸಿ, "ಹೌದ್ರಿ ಸಾಹೇಬ್ರ," ಎಂದಳು.

ನನಗೆ ಆಗ ಏನಾಯಿತೋ. ಬೈಯಬೇಕೆಂದು ಬಾಯಿ ತೆರೆದೆ, ಬಂದದ್ದು ಅವರ ಧ್ವನಿ. ಗಂಟಲು ತಾನೇ ಕೆರೆಯಿತು, ಮೂಗು ತಾನೇ ಮುಚ್ಚಿಕೊಂಡಿತು. ಅವರ ಎದುರಿಗೆ ಆ ಧ್ವನಿ ತೆಗೆದದ್ದು ಅದೇ ಮೊದಲು.

"ಏನ್ರೀ, ನಿಮ್ದು? ನಿಮ್ದು ಅಂಗಾಲು ತೋರ್ಸ್ರಿ!"

ಅವರು ನನ್ನನ್ನೇ ನೋಡಿದರು. ಕನ್ನಡಿಯೊಳಗಿನ ಮುಖ ತಾನಾಗಿ ಮಾತಾಡಿದರೆ ಮನುಷ್ಯ ಹಾಗೆ ನೋಡಬಹುದು. ಕಾಲುಗಳನ್ನು ನಿಧಾನವಾಗಿ ಕುರ್ಚಿಯ ಕೆಳಗೆ ಎಳೆದುಕೊಂಡರು. ಕಾಲುಚೀಲ ಹಾಕಿದ್ದರು, ಬೇಸಿಗೆಯಲ್ಲಿ. ಬಲಗಾಲಿನ ಚೀಲಕ್ಕೆ ಕೆಳಗಿನಿಂದ ಹಳದಿ ಕಲೆ ಹತ್ತಿತ್ತು.

"ತೋರ್ಸ್ರಿ," ಎಂದೆ ಮತ್ತೆ.

"ಏ, ಸುಮ್ನಿರಲೇ," ಎಂದಳು ಅವ್ವ. "ದೊಡ್ಡವ್ರು."

ಸಾಹೇಬರು ಎದ್ದರು. ಇಡೀ ಆಯುಷ್ಯ ಊರಿಗೆಲ್ಲ ತೋರಿಸಲು ಹೇಳಿದ ಮನುಷ್ಯ ತಾನು ತೋರಿಸದೆ ಹೋದರು. ಅಂದೇ ದವಾಖಾನೆಗೆ ಹೋಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವರು ಹೋದದ್ದು ಜ್ವರ ಬಂದು ಬಿದ್ದ ಮೇಲೆ, ಮಕ್ಕಳು ಹೊತ್ತುಕೊಂಡು. ಬಲಗಾಲು ಮೊಣಕಾಲ ಕೆಳಗೆ ಹೋಯಿತು.

ಮರುಕ ಬರಬೇಕಿತ್ತು. ಸ್ವಲ್ಪ ಬಂದಿತ್ತು ಕೂಡ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಗುಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮತ್ತೆ ಡ್ಯೂಟಿಗೆ ಕೂತಿದ್ದರು. ಈಗ ಏನು ಒದರುತ್ತಿದ್ದರು ಎಂದುಕೊಂಡಿರಿ?

"ಏನ್ರೀ, ಬರಿಗಾಲಿಲೆ ಹೊಂಟ್ರಿ? ಬೂಟ್ ಎಲ್ಲಿ? ಅಂಗಾಲು ತೋರ್ಸ್ರಿ!"

ಅದೇ ಮೂಗು. ಅದೇ ಟಕ್. ನಿನ್ನೆ ತನಕ ಚಪ್ಪಲಿ ಬಿಚ್ಚಿಸಿದವರು ಇಂದು ಹಾಕಿಸುತ್ತಿದ್ದಾರೆ, ನಡುವೆ ಏನೂ ನಡೆದೇ ಇಲ್ಲ ಎಂಬಂತೆ. ಗುಡಿಯ ಅಂಗಳದಲ್ಲಿ ಬೂಟಿನ ಮಾತು ಎತ್ತಿದ್ದಕ್ಕೆ ಪೂಜಾರಿ ಕೆಂಡವಾದ. ಸಾಹೇಬರು ಅವನನ್ನು ಊರ ಮುಂದೆ ಎಳೆದಾಡಿದರು. ಕೊನೆಗೆ ಶುಗರಿನವರು ಗುಡಿಗೆಂದೇ ಬಟ್ಟೆಯ ಬೂಟು ಬೇರೆ ಇಡಬೇಕು, ಅದನ್ನು ಹಾಕಿ ಹೊರಗೆ ಕಾಲಿಡಬಾರದು ಎಂದು ಒಪ್ಪಂದವಾಯಿತು. ಈಗ ನೀವು ನಮ್ಮ ಗುಡಿಗೆ ಬಂದರೆ ಗೂಡಿನಲ್ಲಿ ಸಾಲಾಗಿ ಕ್ಯಾನ್ವಾಸ್ ಬೂಟು ಕಾಣುತ್ತವೆ. ಬ್ಯಾನರಿನವರು ದಾರಿದೀಪ ಅಂದದ್ದು ಇದಕ್ಕೇ. ಬೂಟು ಒಳ್ಳೆಯವೇ. ಎಷ್ಟೋ ಕಾಲು ಉಳಿದಿರಬೇಕು. ಆದರೆ ಆ ಕುರ್ಚಿಯ ಮುಂದೆ ಅವ್ವ ಒಂದು ಬೆರಳು ಕಡಿಮೆಯ ಕಾಲಿಗೆ ಬೂಟು ಏರಿಸುವಾಗ ಅವರು ಒಂದೇ ಒಂದು ಸಲ, ಮೆತ್ತಗೆ, 'ತಪ್ಪಾಯ್ತು' ಅಂದಿದ್ದರೆ ನಾನು ಈ ಐಟಮನ್ನೇ ಬಿಟ್ಟುಬಿಡುತ್ತಿದ್ದೆ. ಅವರು ಅಂದದ್ದು, "ಲೇಸ್ ಬಿಗೀರಿ ಅಕ್ಕಾರ. ನಾ ಅವತ್ತೇ ಹೇಳಿದ್ದೆ."

ಅವ್ವ ಲೇಸು ಬಿಗಿದು ನಡೆಯುತ್ತಿದ್ದಳು. ನನಗೆ ಉರಿಯುತ್ತಿತ್ತು. ಅವಳಿಗೆ ಇಲ್ಲ.

ಆಮೇಲೆ ಸೇಡಂನ ಆ ಮದುವೆ, ಆ ಸುದ್ದಿ. ಹೃದಯ ನಿಂತಿತ್ತಂತೆ, ನಿದ್ದೆಯಲ್ಲೇ. ಬಸ್ಸಿನಲ್ಲಿ ತಿರುಗಿ ಬರುವಾಗ ಚಿತ್ತಾಪುರ ದಾಟುವಷ್ಟರಲ್ಲಿ ನಿಶ್ಚಯ ಮಾಡಿದೆ, ಈ ಧ್ವನಿ ಇನ್ನು ಬೇಡ. ಮನುಷ್ಯನೇ ಹೋದ ಮೇಲೆ ಅವನ ಮೂಗನ್ನು ನಾನು ಯಾಕೆ ಹೊತ್ತು ತಿರುಗಲಿ? ಅನೌನ್ಸ್‌ಮೆಂಟಿನ ಹೆಣ್ಣುಮಗಳೇ ಸಾಕು. ಅವಳು ಯಾರ ಕಾಲನ್ನೂ ಸುಟ್ಟಿಲ್ಲ.

ಆದರೆ ಅವ್ವ ಕೂತುಬಿಟ್ಟಳು. ಉಂಡು ಗೋಡೆಗೆ ಒರಗಿ ಟಿವಿ ಹಚ್ಚುತ್ತಿದ್ದಳು. "ನಾಳಿ ಹೋಗ್ತೀನಿ," ಎನ್ನುತ್ತಿದ್ದಳು. ಬೂಟು ಗುಡಿಯ ಗೂಡಿನಲ್ಲೇ ಧೂಳು ಹಿಡಿಯಿತು. ಮನೆಯ ಮುಂದಾದರೂ ನಡಿ ಎಂದು ನಾನು ಇನ್ನೊಂದು ಜೊತೆ ತಂದೆ. ಅದರಲ್ಲಿ ಬೆಕ್ಕು ಮರಿ ಹಾಕುವುದೊಂದು ಬಾಕಿ. ಶುಗರ್ ಏರಿತು. ಕಲಬುರಗಿಯ ಡಾಕ್ಟರು ಈ ಸಲ ಒಳ್ಳೆ ಕಾಲನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ನಡಿಗಿ ನಿಂತದೇನು?" ಎಂದು ಕೇಳಿದರು. "ಒಂದ್ ಬೆರಳಿಗೇ ಮುಗೀಲಿ ಅಂದ್ರ ಚಾಲೂ ಮಾಡ್ರಿ."

ಬೈದೆ. ನಕ್ಕಳು. ಕೈ ಮುಗಿದೆ. ಅದಕ್ಕೂ ನಕ್ಕಳು. ನನ್ನ ಬೈಗುಳಕ್ಕೆ ಏಳುವವರು ಈ ಊರಿನಲ್ಲಿ ಯಾರಿದ್ದಾರೆ?

ಒಂದು ಮಧ್ಯಾಹ್ನ ಉಂಡು ಕೂತವಳು ತಾನೇ ಅಂದಳು. "ಅವ್ರಂಗ ಒಂದ್ಸಲ ಅನ್ನಪಾ."

"ಯಾರಂಗ?"

"ಸಾಹೇಬ್ರಂಗ. ನೀ ಅನ್ನು, ನಾ ಏಳ್ತೀನಿ."

"ಅವ್ವ, ಆ ಮನಷ್ಯಾ ನಿನ್ನ ಕಾಲು..."

"ಗೊತ್ತದ ನನಗ," ಎಂದಳು. "ನನ್ನ ಕಾಲೇ ಅಲ್ಲೇನು? ಅನ್ನು."

ಗಂಟಲು ಕೆರೆದೆ. ಮೂಗು ಮುಚ್ಚಿದೆ. "ಏನ್ರೀ ಅಕ್ಕಾರ! ಉಂಡ್ರಿ, ಕುಂತ್ರಿ! ಬಿನಾ ಟಿಕೆಟ್ ಹತ್ತಿ ಕುಂತದ ಒಳಗ, ಯಾರ್ ಇಳಸವ್ರು? ನಿಮ್ಮಪ್ಪ ಬರ್ತಾನೇನು ದಂಡೋತಿಯಿಂದ? ಏಳ್ರಿ!"

ಅವಳ ಬೆನ್ನು ನೆಟ್ಟಗಾಯಿತು. ನಿಜವಾಗಿ ನೆಟ್ಟಗಾಯಿತು, ಸೆರಗು ಕೂಡ ಸರಿ ಮಾಡಿಕೊಂಡಳು. ಎದ್ದು ಕಾಲುಚೀಲ ತಂದಳು.

ಅಂದಿನಿಂದ ದಿನಾ ಇದೇ. ಅಂಗಡಿಗೆ ಬೀಗ ಹಾಕಿ ಮಧ್ಯಾಹ್ನ ಮನೆಗೆ ಬಂದು, ನನಗೆ ಕಂಡರಾಗದ ಆ ಮನುಷ್ಯನಾಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಬೈಯುತ್ತೇನೆ. "ತೋರ್ಸ್ರಿ," ಎನ್ನುತ್ತೇನೆ. ಅವ್ವ ಗೋಡೆ ಹಿಡಿದು ಒಂದು ಅಂಗಾಲು ಎತ್ತುತ್ತಾಳೆ, ಆಮೇಲೆ ಇನ್ನೊಂದು. ಬೆರಳುಗಳ ಸಂದಿ, ಹಿಮ್ಮಡಿಯ ಬಿರುಕು, ಹೊಲಿಗೆ ಹಾಕಿದ ಗುರುತು ಎಲ್ಲ ಬೆಳಕಿಗೆ ಹಿಡಿದು ನೋಡಿ, ಟಕ್ ಎಂದು ತೂತು ಹೊಡೆದು ಬಿಡುತ್ತೇನೆ. ಬೂಟು ಕೊಡವಿ ಒಳಗೆ ಏನೂ ಇಲ್ಲ ಎಂದು ನೋಡಿ ಕೊಡುತ್ತೇನೆ.

ಮೊನ್ನೆ ಅವಳು ಕೂತು ಲೇಸು ಕಟ್ಟುತ್ತಿದ್ದಳು. ಬೆರಳಿಲ್ಲದ ಕಡೆ ಬೂಟು ಸಡಿಲ. ಅಲ್ಲಿ ಹತ್ತಿ ತುರುಕುತ್ತಿದ್ದಳು. ನಾನು ಇನ್ನೂ ಅದೇ ಧ್ವನಿಯಲ್ಲಿದ್ದೆ. ಒಂದು ಮಾತು ಉಳಿದಿತ್ತು. ಅವರ ಕಡೆಯಿಂದ ಬರಬೇಕಿದ್ದ ಬಾಕಿ ಮಾತು. ಮೂಗು ಮುಚ್ಚಿ, ಗಂಟಲು ಕೆರೆದು, ಅವರದೇ ಗತ್ತಿನಲ್ಲಿ ಅಂದೆ.

"ಅಕ್ಕಾರ, ತಪ್ಪಾಯ್ತು ನನ್ನಿಂದ. ಕಲ್ಲು ಸುಡ್ತಿತ್ರಿ."

ಅವ್ವ ಹತ್ತಿ ಹಿಡಿದ ಕೈ ನಿಲ್ಲಿಸಿ ತಲೆ ಎತ್ತಿದಳು.

"ಇದೊಂದ್ ಬರೋಬ್ಬರಿ ಬರ್ಲಿಲ್ಲ ನೋಡು," ಎಂದಳು. "ಅವ್ರು ಹಂಗ ಅನ್ನವ್ರಲ್ಲ."

ಲೇಸು ಬಿಗಿದು, ಬಾಗಿಲು ದಾಟಿ ನಡೆದಳು.